ಕಾಡಂಚಿನ ಪುಟ್ಟ ಕಂಪ್ಯೂಟರ್‌ಗೆ ಆಯುಷ್ಯವೆಷ್ಟು?

ಗುಂಡ್ಲುಪೇಟೆ: 2025ರ ಸೆಪ್ಟೆಂಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ ಹುಲಿಯ ಉಪಟಳದಿಂದ ರೋಸಿಹೋದ ಗ್ರಾಮಸ್ಥರು, ಹುಲಿಗೆಂದು ಇರಿಸಿದ್ದ ಬೋನಿನೊಳಗೆ ಅರಣ್ಯ ಇಲಾಖೆಯ ಸಿಬ್ಬಂದಿಯನ್ನೇ ಕೂಡಿಹಾಕಿದ ಘಟನೆ ರಾಜ್ಯದಾದ್ಯಂತ ಸುದ್ದಿಯಾಯಿತು. ಅದಾದ ಎರಡು ತಿಂಗಳಿಗೆ, ನವೆಂಬರ್‌ನಲ್ಲಿ, ಬೆಂಗಳೂರು ಟೆಕ್ ಶೃಂಗಸಭೆಯಲ್ಲಿ ರಾಜ್ಯ ಸರ್ಕಾರವು 18,999 ರೂಪಾಯಿ ಬೆಲೆಯ 'ಕಿಯೋ' ಎಂಬ ಪುಟ್ಟ ಕಂಪ್ಯೂಟರನ್ನು ಅನಾವರಣಗೊಳಿಸಿತು. ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಸುದ್ದಿಗಳಿವು. ಆದರೆ ಎರಡರ ಹಿಂದೆಯೂ ಇರುವ ಪ್ರಶ್ನೆ ಒಂದೇ. ಸಾರ್ವಜನಿಕ ಹಣದಿಂದ ಕೊಳ್ಳುವ ಸಣ್ಣ, ಅಗ್ಗದ, ಕಡಿಮೆ ವಿದ್ಯುತ್ ಬಳಸುವ ಕಂಪ್ಯೂಟರ್ ಎಷ್ಟು ವರ್ಷ ಬಾಳುತ್ತದೆ, ಅದನ್ನು ಬಾಳಿಸುವವರು ಯಾರು?

ಬೊಮ್ಮಲಾಪುರದ ಆಕ್ರೋಶದ ಮೂಲದಲ್ಲಿದ್ದುದು ಸಕಾಲದಲ್ಲಿ ಸ್ಪಂದನೆ ಸಿಗುತ್ತಿಲ್ಲವೆಂಬ ದೂರು. ಕಾಡಂಚಿನ ಊರುಗಳಿಗೆ ಸುದ್ದಿ ಬೇಗ ತಲುಪಬೇಕಾದರೆ ಹಗಲಿರುಳೂ ಎಚ್ಚರವಾಗಿರುವ ಕ್ಯಾಮೆರಾ ಬೇಕು, ಅದು ಕಂಡದ್ದು ಹುಲಿಯೋ ಹಸುವೋ ಎಂದು ಸ್ಥಳದಲ್ಲೇ ತೀರ್ಮಾನಿಸುವ ಸಣ್ಣ ಕಂಪ್ಯೂಟರೂ ಬೇಕು. ಕಾಡ್ಗಿಚ್ಚಿನ ವಿಷಯದಲ್ಲೂ ಇದೇ ಮಾತು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಎದ್ದ ಬೆಂಕಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ವಲಯವೂ ಸೇರಿದಂತೆ ಸಾವಿರಾರು ಎಕರೆ ಅರಣ್ಯವನ್ನು ಸುಟ್ಟಿತು. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯು ಉಪಗ್ರಹದ ನೆರವಿನಿಂದ ಬೆಂಕಿಯ ಎಚ್ಚರಿಕೆ ಕಳುಹಿಸುತ್ತದೆಯಾದರೂ, ಉಪಗ್ರಹವು ಒಂದು ಸ್ಥಳದ ಮೇಲೆ ದಿನಕ್ಕೆ ಕೆಲವೇ ಬಾರಿ ಹಾದುಹೋಗುತ್ತದೆ. ನಡುವಿನ ಗಂಟೆಗಳನ್ನು ಕಾಯಬೇಕಾದುದು ನೆಲದ ಮೇಲಿನ ಕಣ್ಣುಗಳೇ.

ಇಂಥ ಉಪಕರಣಗಳ ಒಳಗೆ ಸಾಮಾನ್ಯವಾಗಿ ಇರುವುದು 'ಆರ್ಮ್' ಮಾದರಿಯ ಚಿಪ್. ಅದರ ಮೇಲೆ ನಡೆಯುವುದು ಬಹುಪಾಲು ಲಿನಕ್ಸ್. ಈ ಚಿಪ್‌ಗೆ ಲಿನಕ್ಸ್ ಹೇಗೆ ಬಂತು, ಬಂದ ಮೇಲೆ ಅಲ್ಲೇ ಉಳಿಯಿತೇ ಎಂಬುದನ್ನು ಖರೀದಿಯ ಹೊತ್ತಿನಲ್ಲಿ ಕೇಳುವವರು ವಿರಳ. ಉಪಕರಣದ ಆಯುಷ್ಯ ನಿರ್ಧಾರವಾಗುವುದು ಮಾತ್ರ ಅಲ್ಲಿಯೇ.

ವಿದ್ಯುತ್ತಿನ ಲೆಕ್ಕ

ಸಮುದ್ರಮಟ್ಟದಿಂದ ಸುಮಾರು 1,450 ಮೀಟರ್ ಎತ್ತರದ ಗೋಪಾಲಸ್ವಾಮಿ ಬೆಟ್ಟವು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಳಗಿದೆ. ಖಾಸಗಿ ವಾಹನಗಳು ತಪ್ಪಲಿನಲ್ಲೇ ನಿಲ್ಲಬೇಕು. ಮೇಲಕ್ಕೆ ಹೋಗಲು ಕೆಎಸ್‌ಆರ್‌ಟಿಸಿ ಬಸ್ ಇದೆ. ಹೆಸರೇ ಹೇಳುವಂತೆ ಮಂಜು ಈ ಬೆಟ್ಟವನ್ನು ಬಿಟ್ಟು ಹೋಗುವುದು ಅಪರೂಪ. ಇಂಥ ಕಡೆ ಕಾಡಿನ ನಡುವೆ ಯಂತ್ರವೊಂದನ್ನು ಇರಿಸಬೇಕಾದರೆ ಸೌರಫಲಕ ಮತ್ತು ಬ್ಯಾಟರಿಯನ್ನೇ ನೆಚ್ಚಬೇಕು.

ಪರದೆಯೂ ಸೇರಿ 100 ವ್ಯಾಟ್ ಬಳಸುವ ಸಾಮಾನ್ಯ ಕಂಪ್ಯೂಟರ್ ದಿನವಿಡೀ ನಡೆದರೆ 2.4 ಯೂನಿಟ್ ವಿದ್ಯುತ್ ಬೇಕು. 3 ವ್ಯಾಟ್ ಬಳಸುವ ಆರ್ಮ್ ಕಂಪ್ಯೂಟರ್‌ಗೆ ಅದೇ ಅವಧಿಗೆ 72 ವ್ಯಾಟ್-ಗಂಟೆ ಸಾಕು. ಒಂದು ಯೂನಿಟ್‌ನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. 12 ವೋಲ್ಟ್, 20 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 240 ವ್ಯಾಟ್-ಗಂಟೆ ವಿದ್ಯುತ್ ಸಂಗ್ರಹವಾಗುತ್ತದೆ. ಬ್ಯಾಟರಿ ಬೇಗ ಹಾಳಾಗದಿರಲೆಂದು ಅದರ ಅರ್ಧವನ್ನಷ್ಟೇ ಬಳಸಿದರೂ ಆರ್ಮ್ ಕಂಪ್ಯೂಟರ್ 40 ಗಂಟೆ ನಡೆಯುತ್ತದೆ. ಸಾಮಾನ್ಯ ಕಂಪ್ಯೂಟರ್ ಒಂದೂಕಾಲು ಗಂಟೆ ತುಂಬುವ ಮೊದಲೇ ನಿಂತುಹೋಗುತ್ತದೆ. ಮೂರು ದಿನ ಸತತವಾಗಿ ಮೋಡ ಮುಸುಕಿದರೂ ಆರ್ಮ್ ಯಂತ್ರಕ್ಕೆ ಬೇಕಾಗುವುದು 216 ವ್ಯಾಟ್-ಗಂಟೆ; ಅಂಥ ಎರಡು ಬ್ಯಾಟರಿಗಳಿದ್ದರೆ ನಿಭಾಯಿಸಬಹುದು.

ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಏಕಾರ್ನ್ ಎಂಬ ಕಂಪನಿಯಲ್ಲಿ 1985ರಲ್ಲಿ ಮೊದಲ ಬಾರಿಗೆ ಚಾಲನೆಗೊಂಡ ಆರ್ಮ್ ಚಿಪ್ ಇಂದು ಹೆಚ್ಚುಕಡಿಮೆ ಪ್ರತಿಯೊಂದು ಮೊಬೈಲ್ ಫೋನಿನಲ್ಲೂ ಇರುವುದಕ್ಕೆ ಕಾರಣ ಈ ಮಿತವ್ಯಯವೇ. ಹುಲಿ ಸಂರಕ್ಷಿತ ಪ್ರದೇಶಗಳ ಗಸ್ತು ಸಿಬ್ಬಂದಿ ಬಳಸುವ 'ಎಂ-ಸ್ಟ್ರೈಪ್ಸ್' ವ್ಯವಸ್ಥೆಯ ಆಂಡ್ರಾಯ್ಡ್ ಫೋನುಗಳ ಒಳಗಿರುವುದೂ ಲಿನಕ್ಸ್ ಕರ್ನೆಲ್ಲೇ. ಹಾಗಾದರೆ ಎಲ್ಲೆಡೆ ಫೋನನ್ನೇ ಬಳಸಬಾರದೇಕೆ ಎಂಬ ಪ್ರಶ್ನೆ ಸಹಜ. ಸಿಬ್ಬಂದಿಯ ಕೈಯಲ್ಲಿರಲು ಫೋನ್ ಯೋಗ್ಯ. ಆದರೆ ಕಂಬದ ಮೇಲಿನ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಮನುಷ್ಯನ ಕೈ ಸೋಕದೆ ಕೆಲಸ ಮಾಡಬೇಕಾದ, ಹೊರಗಿನ ಕ್ಯಾಮೆರಾ ಮತ್ತು ಸಂವೇದಕಗಳನ್ನು ಜೋಡಿಸಿಕೊಳ್ಳಬೇಕಾದ, ಬೇಕೆಂದಾಗ ತಂತ್ರಾಂಶವನ್ನು ಪೂರ್ತಿಯಾಗಿ ಬದಲಿಸಬಲ್ಲ ಯಂತ್ರಕ್ಕೆ ಫೋನ್ ತಕ್ಕುದಲ್ಲ. ಅದರ ತಂತ್ರಾಂಶದ ಬೀಗದಕೈ ತಯಾರಕರ ಬಳಿಯೇ ಉಳಿದಿರುತ್ತದೆ.

ಪೋರ್ಟಿಂಗ್ ಎಂದರೇನು?

ತಂತ್ರಾಂಶವನ್ನು ಮನುಷ್ಯರು ಬರೆಯುವ ರೂಪ ಒಂದು, ಚಿಪ್ ಅರ್ಥ ಮಾಡಿಕೊಳ್ಳುವ ರೂಪ ಇನ್ನೊಂದು. ಮೊದಲನೆಯದನ್ನು ಎರಡನೆಯದಕ್ಕೆ ಬದಲಿಸುವ ಸಾಧನ ಕಂಪೈಲರ್. ಇಂಟೆಲ್ ಮಾದರಿಯ ಚಿಪ್‌ಗಾಗಿ ಸಿದ್ಧಪಡಿಸಿದ ಕಡತ ಆರ್ಮ್ ಚಿಪ್‌ನ ಮೇಲೆ ಓಡುವುದಿಲ್ಲ. ಎರಡೂ ಪಾಲಿಸುವ ಆದೇಶಗಳೇ ಬೇರೆ. ಆದ್ದರಿಂದ ಒಂದು ಇಡೀ ಲಿನಕ್ಸ್ ಆವೃತ್ತಿಯನ್ನು ಹೊಸ ಬಗೆಯ ಚಿಪ್‌ಗೆ ಒಗ್ಗಿಸುವ ಕೆಲಸವನ್ನು 'ಪೋರ್ಟಿಂಗ್' ಎನ್ನುತ್ತಾರೆ.

ಇದರಲ್ಲಿ ಹಲವು ಹಂತಗಳಿವೆ. ಆ ಚಿಪ್‌ಗೆ ತಕ್ಕ ಕಂಪೈಲರ್ ಇರಬೇಕು. ವಿದ್ಯುತ್ ಹರಿದ ಕೂಡಲೇ ಯಂತ್ರವನ್ನು ಎಬ್ಬಿಸುವ ಬೂಟ್‌ಲೋಡರ್ ಬೇಕು. ಅನಂತರ ಕರ್ನೆಲ್‌ಗೆ ಮಂಡಳಿಯ ಮೇಲೆ ಯಾವ ಸಾಧನ ಎಲ್ಲಿದೆ ಎಂಬುದನ್ನು ತಿಳಿಸಬೇಕು. ಮೇಜಿನ ಮೇಲಿನ ಕಂಪ್ಯೂಟರ್‌ಗಳಲ್ಲಿ ಜಾಲ, ಪರದೆ, ಡಿಸ್ಕ್ ಮುಂತಾದವು ತಮ್ಮ ಇರವನ್ನು ತಾವೇ ಹೇಳಿಕೊಳ್ಳುತ್ತವೆ. ಆರ್ಮ್ ಮಂಡಳಿಗಳಲ್ಲಿ ಆ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ. ಹಿಂದೆ ಪ್ರತಿಯೊಂದು ಮಂಡಳಿಗೂ ತಯಾರಕರು ಕರ್ನೆಲ್‌ನೊಳಗೇ ಪ್ರತ್ಯೇಕ ಸಂಕೇತ ಸೇರಿಸುತ್ತಿದ್ದರು. ಈ ಗೊಂದಲದ ವಿರುದ್ಧ ಲಿನಕ್ಸ್‌ನ ಜನಕ ಲೈನಸ್ ಟೋರ್ವಾಲ್ಡ್ಸ್ 2011ರಲ್ಲಿ ಬಹಿರಂಗವಾಗಿ ಸಿಡಿಮಿಡಿಗೊಂಡರು. ಅನಂತರ ಆರ್ಮ್ ಜಗತ್ತು 'ಡಿವೈಸ್ ಟ್ರೀ' ಎಂಬ ಕ್ರಮಕ್ಕೆ ಹೊರಳಿತು. ಮಂಡಳಿಯ ವಿವರವನ್ನು ಕರ್ನೆಲ್‌ನಿಂದ ಬೇರ್ಪಡಿಸಿ ಪ್ರತ್ಯೇಕ ಕಡತದಲ್ಲಿ ಬರೆದಿಡುವ ಪದ್ಧತಿ ಇದು.

ಇಷ್ಟಾದರೆ ಯಂತ್ರ ಏಳುತ್ತದೆ, ಅಷ್ಟೇ. ಅದರ ಮೇಲೆ ಬಳಕೆಗೆ ಬೇಕಾದ ತಂತ್ರಾಂಶಗಳು ಬರಬೇಕು. 2025ರ ಆಗಸ್ಟ್ 9ರಂದು ಬಿಡುಗಡೆಯಾದ ಡೆಬಿಯನ್ 13ರಲ್ಲಿ ಸುಮಾರು 70 ಸಾವಿರ ಪ್ಯಾಕೇಜ್‌ಗಳಿವೆ. ಡೆಬಿಯನ್ ಎಂಬುದು ಸ್ವಯಂಸೇವಕರು ನಡೆಸುವ, ಉಬುಂಟು ಮುಂತಾದ ಹಲವು ಆವೃತ್ತಿಗಳಿಗೆ ಆಧಾರವಾಗಿರುವ ಲಿನಕ್ಸ್ ಭಂಡಾರ. ಅದು ಏಳು ಬಗೆಯ ಚಿಪ್‌ಗಳಿಗೆ ಬೆಂಬಲ ನೀಡುತ್ತದೆ. ಒಂದು ತಂತ್ರಾಂಶದಲ್ಲಿ ಭದ್ರತಾ ದೋಷ ಕಂಡುಬಂದರೆ ಅದನ್ನು ಸರಿಪಡಿಸಿ ಈ ಏಳೂ ಬಗೆಗಳಿಗೆ ಮತ್ತೆ ಸಿದ್ಧಪಡಿಸಬೇಕು. ಇದು ಮುಗಿಯುವ ಕೆಲಸವಲ್ಲ. ಮೊದಲ ಬಾರಿ ಲಿನಕ್ಸ್ ಚಾಲನೆಗೊಂಡ ದಿನ ಮಾಧ್ಯಮಗಳಲ್ಲಿ ಚಿತ್ರ ಬರುತ್ತದೆ. ಐದನೆಯ ವರ್ಷದ ದುರಸ್ತಿ ಯಾರ ಕಣ್ಣಿಗೂ ಬೀಳುವುದಿಲ್ಲ. ಸಣ್ಣ ಕಂಪ್ಯೂಟರ್‌ಗಳ ಯೋಜನೆಗಳು ಸೊರಗುವುದು ಈ ಎರಡನೆಯ ಘಟ್ಟದಲ್ಲಿ.

ಸಿಂಪ್ಯೂಟರ್ ಕಲಿಸಿದ ಪಾಠ

ಕರ್ನಾಟಕಕ್ಕೆ ಈ ಅನುಭವ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರು ಸೇರಿ ರೂಪಿಸಿದ 'ಸಿಂಪ್ಯೂಟರ್' 2001ರಲ್ಲಿ ಜಗತ್ತಿನ ಗಮನ ಸೆಳೆದಿತ್ತು. ಸರಳ, ಅಗ್ಗ, ಬಹುಭಾಷಿಕ, ಜನರ ಕಂಪ್ಯೂಟರ್ ಎಂಬ ಆಶಯದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಬಂದ ಹೆಸರದು. ಅಂಗೈಯಲ್ಲಿ ಹಿಡಿಯುವ ಆ ಯಂತ್ರದಲ್ಲಿದ್ದುದು ಆರ್ಮ್ ಕುಲದ 'ಸ್ಟ್ರಾಂಗ್‌ಆರ್ಮ್' ಚಿಪ್, ನಡೆಯುತ್ತಿದ್ದುದು ಲಿನಕ್ಸ್. ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳಲೆಂದು ಸ್ಮಾರ್ಟ್‌ಕಾರ್ಡ್ ವ್ಯವಸ್ಥೆಯೂ ಇತ್ತು. ರಾಸ್ಪ್‌ಬೆರಿ ಪೈ ಎಂಬ ಹೆಸರು ಜಗತ್ತಿಗೆ ತಿಳಿಯುವುದಕ್ಕಿಂತ ಒಂದು ದಶಕಕ್ಕೂ ಮೊದಲೇ ಬೆಂಗಳೂರು ಆ ದಾರಿಯಲ್ಲಿ ನಡೆದಿತ್ತೆಂಬುದು ಗಮನಾರ್ಹ.

2004ರ ಏಪ್ರಿಲ್‌ನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ತಯಾರಿಸಿದ 'ಅಮಿಡಾ ಸಿಂಪ್ಯೂಟರ್' ಮಾರುಕಟ್ಟೆಗೆ ಬಂತು. 50 ಸಾವಿರ ಯಂತ್ರಗಳ ಮಾರಾಟದ ಗುರಿ ಇತ್ತಾದರೂ 2005ರ ವೇಳೆಗೆ ಮಾರಾಟವಾದದ್ದು ಸುಮಾರು 4 ಸಾವಿರ ಮಾತ್ರ. ಮೊಬೈಲ್ ಫೋನ್ ಅಗ್ಗವಾದುದೇ ಇದಕ್ಕೆ ಕಾರಣವೆಂಬ ವಿವರಣೆ ಪ್ರಚಲಿತವಾಗಿದೆ. ಅದರಲ್ಲಿ ಸತ್ಯವಿದೆ. ಆದರೆ ಮಾರಾಟವಾದ ಯಂತ್ರಗಳು ಮುಂದೆ ಯಾವ ನೆಲದ ಮೇಲೆ ನಿಲ್ಲಬೇಕಾಗಿತ್ತು ಎಂಬುದನ್ನೂ ನೋಡಬೇಕು. ಸ್ಟ್ರಾಂಗ್‌ಆರ್ಮ್‌ನ ಬದಲಿಗೆ ಇಂಟೆಲ್ 'ಎಕ್ಸ್‌ಸ್ಕೇಲ್' ಚಿಪ್ ತಂದಿತು. 2006ರಲ್ಲಿ ಆ ವ್ಯವಹಾರವನ್ನೇ ಮಾರ್ವೆಲ್ ಕಂಪನಿಗೆ ಮಾರಿತು. ಇಂಥ ಹಳೆಯ ಚಿಪ್‌ಗಳಿಗೆ ಆಶ್ರಯವಾಗಿದ್ದ ಡೆಬಿಯನ್‌ನ ಮೊದಲ ಆರ್ಮ್ ಆವೃತ್ತಿಯನ್ನು 2011ರ ಬಿಡುಗಡೆಯಲ್ಲಿ ಕೈಬಿಡಲಾಯಿತು. ಅಂದರೆ 2004ರಲ್ಲಿ ಹೊಸದಾಗಿ ಕೊಂಡ ಯಂತ್ರದ ಚಿಪ್‌ಗೆ ಏಳೇ ವರ್ಷಗಳಲ್ಲಿ ಜಗತ್ತಿನ ಅತಿ ದೊಡ್ಡ ಸ್ವಯಂಸೇವಕ ಭಂಡಾರದ ಬಾಗಿಲು ಮುಚ್ಚಿತ್ತು. ಯಂತ್ರ ಕೆಡದಿದ್ದರೂ ಅದಕ್ಕೆ ಹೊಸ ತಂತ್ರಾಂಶ ಸಿಗುವ ದಾರಿ ಕಿರಿದಾಗಿತ್ತು.

ಇದೇ ಯೋಜನೆಯ ಇನ್ನೊಂದು ಕೂಸಿನ ಕಥೆ ಬೇರೆ. ಬರಹವನ್ನು ಓದಿ ಹೇಳುವ 'ಧ್ವನಿ' ಎಂಬ ತಂತ್ರಾಂಶವನ್ನು ಸಿಂಪ್ಯೂಟರ್ ತಂಡವೇ ರಮೇಶ್ ಹರಿಹರನ್ ಅವರ ಮುಂದಾಳತ್ವದಲ್ಲಿ ಸಿದ್ಧಪಡಿಸಿತ್ತು. ಕನ್ನಡ ಮತ್ತು ಹಿಂದಿಯನ್ನು ಅದು ಉಚ್ಚರಿಸುತ್ತಿತ್ತು. ಮುಕ್ತ ಪರವಾನಗಿಯಲ್ಲಿ ಬಿಡುಗಡೆಯಾಗಿದ್ದ ಕಾರಣ, ಯಂತ್ರ ಮರೆಯಾದ ಮೇಲೂ ಸಂತೋಷ್ ತೊಟ್ಟಿಂಗಲ್ ಎಂಬ ತಂತ್ರಜ್ಞರು ಅದನ್ನು ಕೈಗೆತ್ತಿಕೊಂಡು ಹಲವು ಭಾರತೀಯ ಭಾಷೆಗಳಿಗೆ ವಿಸ್ತರಿಸಿದರು. ಒಂದೇ ಯೋಜನೆಯಲ್ಲಿ ಯಂತ್ರಕ್ಕೆ ಅಂಟಿಕೊಂಡದ್ದು ಯಂತ್ರದೊಂದಿಗೇ ಹೋಯಿತು, ಎಲ್ಲರ ಭಂಡಾರಕ್ಕೆ ಸೇರಿದ್ದು ಉಳಿಯಿತು.

ಪೈ ಉಳಿದ ಬಗೆ

2012ರ ಫೆಬ್ರವರಿ 29ರಂದು ಬ್ರಿಟನ್ನಿನಲ್ಲಿ ಬಿಡುಗಡೆಯಾದ ರಾಸ್ಪ್‌ಬೆರಿ ಪೈ ಕೂಡ ತೊಡಕಿನಿಂದಲೇ ಆರಂಭವಾಯಿತು. 35 ಡಾಲರ್ ಬೆಲೆಯ ಆ ಮಂಡಳಿಯಲ್ಲಿದ್ದುದು ಆರ್ಮ್‌ನ ಆರನೆಯ ತಲೆಮಾರಿನ ಚಿಪ್. ಡೆಬಿಯನ್ ಆಗ ಎರಡು ಬಗೆಯ ಆರ್ಮ್ ಆವೃತ್ತಿಗಳನ್ನು ಸಿದ್ಧಪಡಿಸುತ್ತಿತ್ತು. ದಶಮಾಂಶ ಲೆಕ್ಕಕ್ಕೆ ಪ್ರತ್ಯೇಕ ಘಟಕವಿಲ್ಲದ ಹಳೆಯ ಚಿಪ್‌ಗಳಿಗೆ 'ಆರ್ಮ್‌ಇಎಲ್', ಆ ಘಟಕವಿರುವ ಏಳನೆಯ ತಲೆಮಾರಿನ ಚಿಪ್‌ಗಳಿಗೆ 'ಆರ್ಮ್‌ಎಚ್‌ಎಫ್'. ಪೈ ಚಿಪ್‌ನಲ್ಲಿ ಲೆಕ್ಕದ ಘಟಕವಿತ್ತು, ಆದರೆ ತಲೆಮಾರು ಆರನೆಯದು. ಹೊಸ ಆವೃತ್ತಿ ಅದರ ಮೇಲೆ ಓಡುತ್ತಿರಲಿಲ್ಲ. ಹಳೆಯದು ಓಡಿದರೂ ಲೆಕ್ಕದಲ್ಲಿ ತೆವಳುತ್ತಿತ್ತು.

ಮೈಕ್ ಥಾಂಪ್ಸನ್ ಮತ್ತು ಪೀಟರ್ ಗ್ರೀನ್ ಎಂಬಿಬ್ಬರು ಸ್ವಯಂಸೇವಕರು ಡೆಬಿಯನ್‌ನ ಸಾವಿರಾರು ಪ್ಯಾಕೇಜ್‌ಗಳನ್ನು ಈ ಒಂದು ಚಿಪ್‌ಗಾಗಿ ಮತ್ತೆ ಕಂಪೈಲ್ ಮಾಡಿ 2012ರಲ್ಲೇ 'ರಾಸ್ಪಿಯನ್' ಆವೃತ್ತಿಯನ್ನು ಹೊರತಂದರು. ಅದನ್ನು ರಾಸ್ಪ್‌ಬೆರಿ ಪೈ ಸಂಸ್ಥೆ ತನ್ನದಾಗಿ ಸ್ವೀಕರಿಸಿತು. 2020ರಲ್ಲಿ ಅದರ ಹೆಸರು ರಾಸ್ಪ್‌ಬೆರಿ ಪೈ ಓಎಸ್ ಎಂದಾಯಿತು. 2025ರ ಅಕ್ಟೋಬರ್‌ನಲ್ಲಿ ಡೆಬಿಯನ್ 13ನ್ನು ಆಧರಿಸಿ ಬಂದ ಆವೃತ್ತಿಯೂ 2012ರ ಮೊದಲ ಮಂಡಳಿಯ ಮೇಲೆ ನಡೆಯುತ್ತದೆ. ಹದಿಮೂರು ವರ್ಷ ಹಳೆಯ, ಎರಡು ಸಾವಿರ ರೂಪಾಯಿ ಆಸುಪಾಸಿನ ಯಂತ್ರಕ್ಕೆ ಇಂದಿಗೂ ಭದ್ರತಾ ದುರಸ್ತಿ ಸಿಗುತ್ತಿದೆ. ಅದಕ್ಕಿಂತ ಶಕ್ತಿಯುತ ಚಿಪ್, ಅದಕ್ಕಿಂತ ಕಡಿಮೆ ಬೆಲೆಯ ಎಷ್ಟೋ ಮಂಡಳಿಗಳು ಈ ನಡುವೆ ಬಂದು ಹೋದವು. ಅವುಗಳಲ್ಲಿ ಅನೇಕವು ತಯಾರಕರು ಮೊದಲ ದಿನ ಕೊಟ್ಟ ಕರ್ನೆಲ್‌ನಲ್ಲೇ ನಿಂತುಹೋದವು. ತಯಾರಕರು ಮಾಡಿದ ಬದಲಾವಣೆಗಳು ಮೂಲ ಕರ್ನೆಲ್‌ಗೆ ಮರಳಿ ಸೇರದಿದ್ದರೆ, ಮುಂದಿನ ಪ್ರತಿಯೊಂದು ಆವೃತ್ತಿಗೂ ಆ ಕೆಲಸವನ್ನು ಯಾರಾದರೂ ಮೊದಲಿನಿಂದ ಮಾಡಬೇಕಾಗುತ್ತದೆ. ಕಂಪನಿ ಹೊಸ ಮಾದರಿಯತ್ತ ಹೊರಳಿದ ಮೇಲೆ ಆ 'ಯಾರಾದರೂ' ಸಿಗುವುದಿಲ್ಲ.

ಹಳೆಯದಕ್ಕೆ ವಿದಾಯ

ಡೆಬಿಯನ್ 13ರ ಬಿಡುಗಡೆಯಲ್ಲಿ ಎರಡು ಪ್ರಕಟಣೆಗಳು ಒಟ್ಟಿಗೇ ಬಂದವು. ಹಳೆಯ ಆರ್ಮ್‌ಇಎಲ್‌ಗೆ ಇದೇ ಕೊನೆಯ ಆವೃತ್ತಿ; ಹೊಸದಾಗಿ ಸ್ಥಾಪಿಸುವ ಸೌಲಭ್ಯವೂ ಅದಕ್ಕಿಲ್ಲ, ಈಗಾಗಲೇ ಬಳಸುತ್ತಿರುವವರು ಮೇಲ್ದರ್ಜೆಗೆ ಏರಬಹುದಷ್ಟೇ. 'ರಿಸ್ಕ್-ಫೈವ್' ಎಂಬ ಹೊಸ ಬಗೆಯ ಚಿಪ್‌ಗೆ ಮೊದಲ ಬಾರಿಗೆ ಅಧಿಕೃತ ಬೆಂಬಲ ದೊರೆಯಿತು.

ಇದೇ ಬಿಡುಗಡೆಯಲ್ಲಿ 32 ಬಿಟ್‌ನ ಆರ್ಮ್ ಆವೃತ್ತಿಗಳಿಗೆ ಇನ್ನೊಂದು ದೊಡ್ಡ ಶಸ್ತ್ರಚಿಕಿತ್ಸೆ ನಡೆದಿದೆ. ಲಿನಕ್ಸ್ ಕಾಲವನ್ನು ಅಳೆಯುವುದು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಲೆಕ್ಕದಲ್ಲಿ. ಹಳೆಯ 32 ಬಿಟ್ ಪದ್ಧತಿಯಲ್ಲಿ ಆ ಎಣಿಕೆ 214,74,83,647ಕ್ಕೆ ಮುಗಿಯುತ್ತದೆ. ಆ ಗಳಿಗೆ ಭಾರತೀಯ ಕಾಲಮಾನದಲ್ಲಿ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. ಅದರ ನಂತರ ಯಂತ್ರದ ದಿನಾಂಕ 1901ಕ್ಕೆ ಜಿಗಿಯುತ್ತದೆ. ಇದನ್ನು ತಡೆಯಲು ಕಾಲದ ಎಣಿಕೆಯನ್ನು 64 ಬಿಟ್‌ಗೆ ಹಿಗ್ಗಿಸಿ, ಅದಕ್ಕೆ ಸಂಬಂಧಿಸಿದ ಸಾವಿರಾರು ಪ್ಯಾಕೇಜ್‌ಗಳನ್ನು ಮರುಸಿದ್ಧಪಡಿಸಲಾಗಿದೆ. ಭಂಡಾರದೊಳಗಿರುವ ಯಂತ್ರಕ್ಕೆ ಈ ಲಾಭ ತಾನಾಗಿ ಬಂತು. ಹೊರಗುಳಿದ ಯಂತ್ರ ಇಂದು ಸರಿಯಾಗಿ ನಡೆಯುತ್ತಿದ್ದರೂ 2038ರ ಆ ಬೆಳಿಗ್ಗೆ ತಾನು ತೆಗೆದ ಚಿತ್ರಕ್ಕೆ ತಪ್ಪು ದಿನಾಂಕ ಬರೆಯುತ್ತದೆ. ಹುಲಿಯ ಓಡಾಟದ ದಾಖಲೆಯಲ್ಲಿ ದಿನಾಂಕವೇ ತಪ್ಪಿದರೆ ಆ ದಾಖಲೆಗೆ ಬೆಲೆಯಿಲ್ಲ.

ದುರಸ್ತಿ ಇಲ್ಲದ ಯಂತ್ರದಿಂದ ಇನ್ನೂ ಹತ್ತಿರದ ಅಪಾಯವಿದೆ. 2013ರಲ್ಲಿ ಮಧ್ಯಪ್ರದೇಶದ ಹುಲಿಯೊಂದರ ಜಿಪಿಎಸ್ ಕೊರಳಪಟ್ಟಿಯ ಮಾಹಿತಿ ತಲುಪುತ್ತಿದ್ದ ಇ-ಮೇಲ್ ಖಾತೆಗೆ ಕನ್ನ ಹಾಕುವ ಯತ್ನ ನಡೆದು, ಅದು ವಿಫಲವಾಗಿತ್ತು. 2016ರಲ್ಲಿ 'ಮಿರಾಯ್' ಎಂಬ ಕುತಂತ್ರಾಂಶವು ಗುಪ್ತಪದ ಬದಲಿಸದ, ಯಾರೂ ಗಮನಿಸದ ಲಕ್ಷಾಂತರ ಕ್ಯಾಮೆರಾ ಮತ್ತು ರೌಟರ್‌ಗಳನ್ನು ವಶಪಡಿಸಿಕೊಂಡು ಅಮೆರಿಕದ ಪ್ರಮುಖ ಜಾಲತಾಣಗಳನ್ನೇ ಕೆಲಕಾಲ ಸ್ಥಗಿತಗೊಳಿಸಿತ್ತು. ಅವುಗಳಲ್ಲಿ ಬಹುಪಾಲು ನಡೆಯುತ್ತಿದ್ದುದು ಲಿನಕ್ಸ್ ಮೇಲೆಯೇ. 2022ರ ಗಣತಿಯ ಪ್ರಕಾರ ಕರ್ನಾಟಕದ 563 ಹುಲಿಗಳಲ್ಲಿ 150 ಇರುವುದು ಬಂಡೀಪುರದಲ್ಲಿ. ಹುಲಿ ಎಲ್ಲಿದೆ ಎಂದು ರೈತನಿಗೆ ಹೇಳಬೇಕಾದ ಪೆಟ್ಟಿಗೆ ಅದನ್ನೇ ಬೇಟೆಗಾರನಿಗೂ ಹೇಳುವಂತಾದರೆ ಅದು ರಕ್ಷಣೆಯಾಗುವುದಿಲ್ಲ.

ಕಿಯೋ ಮುಂದಿರುವ ಪ್ರಶ್ನೆ

ಈ ಹಿನ್ನೆಲೆಯಲ್ಲಿ ರಾಜ್ಯ ಸರ್ಕಾರದ ಕಿಯೋವನ್ನು ನೋಡಬೇಕು. ಕಿಯೋನಿಕ್ಸ್ ಮೂಲಕ ಬಂದಿರುವ ಈ ಯಂತ್ರದಲ್ಲಿರುವುದು ರಿಸ್ಕ್-ಫೈವ್ ಚಿಪ್, ನಡೆಯುವುದು ಲಿನಕ್ಸ್. ರಾಜ್ಯದ ಶಾಲಾ ಪಠ್ಯಕ್ರಮವನ್ನು ಆಧರಿಸಿದ ಕೃತಕ ಬುದ್ಧಿಮತ್ತೆಯ ಸಹಾಯಕವೂ ಇದರಲ್ಲಿದೆ. ರಿಸ್ಕ್-ಫೈವ್‌ನ ಆದೇಶಗಳ ವಿನ್ಯಾಸ ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ, ಅದನ್ನು ಬಳಸಲು ಪರವಾನಗಿ ಶುಲ್ಕವಿಲ್ಲ. ಸ್ವಾವಲಂಬನೆಯ ದೃಷ್ಟಿಯಿಂದ ಇದು ಸ್ವಾಗತಾರ್ಹ ಆಯ್ಕೆ.

ಆದರೆ ಆರ್ಮ್‌ನ ಹಳೆಯ ಇತಿಹಾಸ ರಿಸ್ಕ್-ಫೈವ್‌ನಲ್ಲೂ ಮರುಕಳಿಸುತ್ತಿದೆ. 2025ರ ಅಕ್ಟೋಬರ್‌ನಲ್ಲಿ ಬಂದ ಉಬುಂಟು 25.10, ರಿಸ್ಕ್-ಫೈವ್‌ನ 'ಆರ್‌ವಿಎ23' ಎಂಬ ಹೊಸ ಮಟ್ಟವನ್ನು ಮುಟ್ಟುವ ಚಿಪ್‌ಗಳಿಗೆ ಮಾತ್ರ ಬೆಂಬಲ ನೀಡುವ ನಿರ್ಧಾರ ತೆಗೆದುಕೊಂಡಿತು. ಆ ಹೊತ್ತಿಗೆ ಮಾರುಕಟ್ಟೆಯಲ್ಲಿದ್ದ ರಿಸ್ಕ್-ಫೈವ್ ಮಂಡಳಿಗಳಲ್ಲಿ ಹೆಚ್ಚಿನವು ಆ ಮಟ್ಟದ ಕೆಳಗಿದ್ದವು. ಅವು 24.04 ಆವೃತ್ತಿಯಲ್ಲೇ ಉಳಿಯಬೇಕಾಯಿತು. ಡೆಬಿಯನ್ 13 ಮಾತ್ರ ಅವುಗಳಿಗೂ ಬಾಗಿಲು ತೆರೆದಿಟ್ಟಿದೆ. 2012ರಲ್ಲಿ ಪೈ ಚಿಪ್ ಆರನೆಯ ಮತ್ತು ಏಳನೆಯ ತಲೆಮಾರಿನ ನಡುವೆ ಸಿಕ್ಕಿಬಿದ್ದಂತೆಯೇ ಇದೂ. ಆದ್ದರಿಂದ ಶಾಲೆಗೋ ಇಲಾಖೆಗೋ ಸಾವಿರಗಟ್ಟಲೆ ಯಂತ್ರ ಕೊಳ್ಳುವ ಮುನ್ನ ಅದರ ಚಿಪ್ ಯಾವ ಮಟ್ಟದ್ದು, ಮಂಡಳಿಯ ವಿವರ ಮೂಲ ಕರ್ನೆಲ್‌ನಲ್ಲಿ ಸೇರಿದೆಯೇ, ತಯಾರಕರ ನೆರವಿಲ್ಲದೆ ಡೆಬಿಯನ್‌ನ ಸಾಮಾನ್ಯ ಆವೃತ್ತಿ ಅದರ ಮೇಲೆ ಏಳುತ್ತದೆಯೇ ಎಂಬುದನ್ನು ಸಾರ್ವಜನಿಕವಾಗಿ ಪರೀಕ್ಷಿಸುವುದು ಅಗತ್ಯ. ಆರ್ಮ್ ಆಗಲಿ, ರಿಸ್ಕ್-ಫೈವ್ ಆಗಲಿ, ಈ ಪ್ರಶ್ನೆಗಳು ಬದಲಾಗುವುದಿಲ್ಲ.

ಅಗ್ಗದ ಯಂತ್ರವನ್ನು ಮೂರು ವರ್ಷಕ್ಕೊಮ್ಮೆ ಬದಲಿಸಿದರಾಯಿತು, ಇಷ್ಟೆಲ್ಲ ತಲೆನೋವೇಕೆ ಎಂಬ ವಾದವೂ ಉಂಟು. ನಗರದ ಕಚೇರಿಗೆ ಅದು ಒಪ್ಪಬಹುದು. ಬೆಟ್ಟದ ಇಳಿಜಾರಿನ ಕಂಬಕ್ಕೆ ಒಪ್ಪದು. ಅಲ್ಲಿ ಯಂತ್ರದ ಬೆಲೆಗಿಂತ ಅದನ್ನು ಕಾಡಿನೊಳಗೆ ಹೊತ್ತೊಯ್ದು ಜೋಡಿಸುವ, ಪರೀಕ್ಷಿಸುವ ವೆಚ್ಚವೇ ದೊಡ್ಡದು. ಹೊಸ ಚಿಪ್ ಬಂದಾಗ ಪ್ರಾಣಿಗಳನ್ನು ಗುರುತಿಸುವ ತಂತ್ರಾಂಶವನ್ನೂ ಮತ್ತೆ ಒಗ್ಗಿಸಬೇಕಾಗುತ್ತದೆ.

ಕನ್ನಡದ ಪಾಲು

ಭಾಷೆಯ ದೃಷ್ಟಿಯಿಂದಲೂ ಈ ವಿಷಯಕ್ಕೆ ಮಹತ್ವವಿದೆ. ಡೆಬಿಯನ್ ಭಂಡಾರದಲ್ಲಿ ಪ್ಯಾಕೇಜ್‌ಗಳು ಎರಡು ಬಗೆ. ಚಿಪ್‌ಗೆ ತಕ್ಕಂತೆ ಬೇರೆ ಬೇರೆಯಾಗಿ ಸಿದ್ಧವಾಗಬೇಕಾದವು ಕೆಲವು; ಯಾವ ಚಿಪ್ ಆದರೂ ಹಾಗೆಯೇ ನಡೆಯುವಂಥವು ಇನ್ನು ಕೆಲವು. ಅಕ್ಷರಶೈಲಿಗಳು ಎರಡನೆಯ ಬಗೆಗೆ ಸೇರುತ್ತವೆ. ಲೋಹಿತ್ ಕನ್ನಡ, ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಶೈಲಿಗಳು ಆ ಭಂಡಾರದಲ್ಲಿರುವುದರಿಂದ ಡೆಬಿಯನ್ ನಡೆಯುವ ಯಾವುದೇ ಪುಟ್ಟ ಮಂಡಳಿಗೂ ಅವು ಒಂದೇ ಆದೇಶದಲ್ಲಿ ಬಂದು ಸೇರುತ್ತವೆ. ರಿಸ್ಕ್-ಫೈವ್‌ಗೆ ಬೆಂಬಲ ದೊರೆತ ದಿನವೇ ಅದಕ್ಕೆ ಕನ್ನಡವೂ ದೊರೆಯಿತು. ಅದಕ್ಕಾಗಿ ಯಾರೂ ಬೇರೆ ಟೆಂಡರ್ ಕರೆಯಬೇಕಾಗಲಿಲ್ಲ. 'ಇಸ್ಪೀಕ್ ಎನ್‌ಜಿ' ಎಂಬ ಓದಿ ಹೇಳುವ ತಂತ್ರಾಂಶದಲ್ಲೂ ಕನ್ನಡವಿದೆ. ಅದು ಮೊದಲ ಬಗೆಗೆ ಸೇರಿದ್ದಾದರೂ ಭಂಡಾರದ ಯಂತ್ರಗಳೇ ಅದನ್ನು ಪ್ರತಿ ಚಿಪ್‌ಗೂ ಸಿದ್ಧಪಡಿಸುತ್ತವೆ. 'ಕಾಡಾನೆ ಬಂದಿದೆ' ಎಂಬ ಎಚ್ಚರಿಕೆಯನ್ನು ಊರಿನ ಧ್ವನಿವರ್ಧಕದಲ್ಲಿ ಕನ್ನಡದಲ್ಲೇ ಹೇಳಿಸಲು ಬೇಕಾದ ಮೂಲ ಸಾಮಗ್ರಿ ಹೀಗೆ ಈಗಾಗಲೇ ಸಿದ್ಧವಿದೆ. ಉಚ್ಚಾರಣೆ ಇನ್ನೂ ಯಾಂತ್ರಿಕವಾಗಿದೆ ಎಂಬುದು ನಿಜ. ಆದರೆ ಅದನ್ನು ಸುಧಾರಿಸಲು ಹೂಡುವ ಹಣ ಒಂದು ಯಂತ್ರದೊಳಗೆ ಹೂತುಹೋಗದೆ ಭಂಡಾರಕ್ಕೆ ಸೇರಿದರೆ ಮುಂದಿನ ಎಲ್ಲ ಯಂತ್ರಗಳಿಗೂ ದಕ್ಕುತ್ತದೆ.

ಯಾರು ನೋಡಿಕೊಳ್ಳಬೇಕು?

ಗುಂಡ್ಲುಪೇಟೆಯಿಂದ ಹೆದ್ದಾರಿಯಲ್ಲಿ ಕಾಡು ದಾಟಿದರೆ ಕೇರಳದ ವಯನಾಡು. ಆ ರಾಜ್ಯದ ಶಾಲೆಗಳಲ್ಲಿ ಸುಮಾರು ಎರಡು ದಶಕಗಳಿಂದ ಲಿನಕ್ಸ್ ಬಳಕೆಯಲ್ಲಿದೆ. 'ಕೈಟ್' ಎಂಬ ಸರ್ಕಾರಿ ಸಂಸ್ಥೆ ಶಾಲೆಗಳಿಗೆಂದೇ ತನ್ನ ಆವೃತ್ತಿಯನ್ನು ಸಿದ್ಧಪಡಿಸಿ ಕಾಲಕಾಲಕ್ಕೆ ನವೀಕರಿಸುತ್ತದೆ. 2014ರಲ್ಲಿ ಕೇರಳ ಸರ್ಕಾರವು ಸಾವಿರಾರು ವಿದ್ಯಾರ್ಥಿಗಳಿಗೆ ರಾಸ್ಪ್‌ಬೆರಿ ಪೈ ಮಂಡಳಿಗಳನ್ನು ಕೊಟ್ಟಿತ್ತು. 'ಲಿಟಲ್ ಕೈಟ್ಸ್' ಕೂಟಗಳ ಮಕ್ಕಳು ತಮ್ಮ ಶಾಲೆಯ ಯಂತ್ರಗಳ ಸಣ್ಣಪುಟ್ಟ ಕೆಲಸಗಳನ್ನು ತಾವೇ ನೋಡಿಕೊಳ್ಳುತ್ತಾರೆ. ಕರ್ನಾಟಕದಲ್ಲೂ 2011ರಿಂದ ಕೆಲವು ವರ್ಷ, ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಸಹಯೋಗದಲ್ಲಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಮತ್ತು ಮುಕ್ತ ತಂತ್ರಾಂಶಗಳ ತರಬೇತಿ ನಡೆಯಿತು. ಆರಂಭದ ಉತ್ಸಾಹ ಎರಡೂ ಕಡೆ ಇತ್ತು. ಕೇರಳದಲ್ಲಿ ಹೆಚ್ಚಾಗಿ ಇದ್ದುದು ವರ್ಷವರ್ಷವೂ ಅದೇ ಕೆಲಸ ಮಾಡುವ ಕಾಯಂ ಸಂಸ್ಥೆ.

ಕರ್ನಾಟಕಕ್ಕೆ ಅಂಥ ವ್ಯವಸ್ಥೆ ಅಸಾಧ್ಯವೇನಲ್ಲ. ಚಾಮರಾಜನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ಬಂಡೀಪುರದ ಉಪಕರಣಗಳ ತಂತ್ರಾಂಶವನ್ನು ಪ್ರತಿ ತಿಂಗಳೂ ಪರೀಕ್ಷಿಸಿ, ದುರಸ್ತಿಗಳನ್ನು ದಾಟಿಸುವ, ಕಂಡುಬಂದ ದೋಷವನ್ನು ಮೂಲ ಭಂಡಾರಕ್ಕೆ ವರದಿ ಮಾಡುವ ಕೆಲಸವನ್ನು ಸಂಬಳಸಹಿತವಾಗಿ ಒಂದು ಸಣ್ಣ ತಂಡಕ್ಕೆ ಒಪ್ಪಿಸಲು ಸಾಧ್ಯ. ಪೈ ಯಂತ್ರಕ್ಕೆ ಇಡೀ ಡೆಬಿಯನ್ನನ್ನು ಒಗ್ಗಿಸಿದವರು ಇಬ್ಬರೇ ಸ್ವಯಂಸೇವಕರು ಎಂಬುದನ್ನು ನೆನೆದರೆ ತಂಡ ದೊಡ್ಡದಿರಬೇಕಾಗಿಲ್ಲ, ಬಿಟ್ಟು ಹೋಗದಂತಿರಬೇಕು.

ಇನ್ನುಳಿದದ್ದು ಖರೀದಿಯ ಷರತ್ತು. ಸರ್ಕಾರಿ ಖರೀದಿಗೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವಿದೆ. ಸರ್ಕಾರಿ ಕೆಲಸಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ಕೇಂದ್ರದ ನೀತಿ 2015ರಿಂದಲೂ ಇದೆ. ಇವೆರಡರ ಚೌಕಟ್ಟಿನಲ್ಲೇ ಟೆಂಡರ್‌ಗೆ ಮೂರು ಸಾಲು ಸೇರಿಸಬಹುದು. ಯಂತ್ರವು ಮೂಲ ಕರ್ನೆಲ್‌ನ ಮೇಲೆ ನಡೆಯಬೇಕು. ತಯಾರಕರು ಮಾಡಿದ ಬದಲಾವಣೆಗಳೆಲ್ಲ ಸಾರ್ವಜನಿಕ ಭಂಡಾರಕ್ಕೆ ಸೇರಿರಬೇಕು. ಇಂತಿಷ್ಟು ವರ್ಷ ಭದ್ರತಾ ದುರಸ್ತಿ ಒದಗಿಸುವ ಹೊಣೆ ಲಿಖಿತವಾಗಿರಬೇಕು, ಅದಕ್ಕೆ ತಪ್ಪಿದರೆ ಠೇವಣಿ ಮುಟ್ಟುಗೋಲಾಗಬೇಕು. ಇವುಗಳಿಂದ ಯಂತ್ರದ ಬೆಲೆ ಮೊದಲ ದಿನ ತುಸು ಏರಬಹುದು. ಈ ಮೂರು ಸಾಲುಗಳಿಲ್ಲದೆ ಕೊಂಡ ಯಂತ್ರ ಏಳನೆಯ ವರ್ಷ ಎಲ್ಲಿರುತ್ತದೆ ಎಂಬುದನ್ನು ಸಿಂಪ್ಯೂಟರ್ ಈ ರಾಜ್ಯಕ್ಕೆ ಒಮ್ಮೆ ತೋರಿಸಿದೆ. ಬೊಮ್ಮಲಾಪುರದಂಥ ಊರುಗಳಿಗೆ ಕೊಡುವ ಎಚ್ಚರಿಕೆಯ ಪೆಟ್ಟಿಗೆ ಆ ಸಾಲಿಗೆ ಸೇರುತ್ತದೆಯೋ ಇಲ್ಲವೋ ಎಂಬುದು ಅದನ್ನು ಉದ್ಘಾಟಿಸುವ ದಿನಕ್ಕಿಂತ ಬಹಳ ಮೊದಲೇ, ಟೆಂಡರ್ ಕಾಗದದಲ್ಲೇ ತೀರ್ಮಾನವಾಗಿರುತ್ತದೆ.